ನನಗೆ ಸಿಗದ ‘ಹೂಂ’

ದಸರಾ ರಜೆಯಲ್ಲಿ ಅಜ್ಜಂಪುರದ ನಮ್ಮ ಮನೆಯ ಹಿಂದೆ ಈರುಳ್ಳಿ ರಾಶಿ ಬಿದ್ದಿತ್ತು. ನಮ್ಮದಲ್ಲ, ಪಕ್ಕದ ಮನೆಯವರದು. ಗರಿ, ಬೇರು ಕೊಯ್ಯಲು ಕೂತ ಹೆಂಗಸರ ಜೊತೆ ನನ್ನ ಹತ್ತನೇ ತರಗತಿಯ ಹುಡುಗಿಯರೂ ಇದ್ದರು. ರಜೆಯಲ್ಲಿ ಓದುತ್ತಿದ್ದೀರೋ ಇಲ್ಲವೋ ಎಂದು ಗದರಿಸಲೆಂದೇ ಅತ್ತ ಹೋದೆ. ಬೋರಲು ಹಾಕಿದ ಬುಟ್ಟಿಯ ಮೇಲೆ ಒಂದು ಫೋನು ಇತ್ತು. ಅದರೊಳಗಿಂದ ಒಬ್ಬ ಹೆಂಗಸು ಮಾತಾಡುತ್ತಿದ್ದಳು.

“ನಿನ್ ಹೊಲ, ನಿನ್ ಹೆಸ್ರಿಗೇ ಖಾತೆ. ನಡುವೆ ಜಮೀನ್ದಾರ ಅನ್ನೋನೇ ಇಲ್ಲ. ಕಂದಾಯ ಕೇಳಕ್ಕೆ ಸರ್ಕಾರದೋರು ನೆಟ್ಟಗೆ ನಿನ್ ಬಾಗಿಲಿಗೇ ಬತ್ತಾರೆ. ಇದೇ ಕಣ್ರೋ ರೈತವಾರಿ.”

ಅದರ ಹಿಂದೆಯೇ ಒಂದು ಮುದುಕಿಯ ದನಿ, “ಹೂಂ.”

ಅದು ನನ್ನ ಪಾಠ. ರಜೆ ಬಿಡುವ ಮುಂಚೆ ಅದೇ ಹುಡುಗಿಯರಿಗೆ ಕಪ್ಪುಹಲಗೆಯ ಮೇಲೆ ಮೂರು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಹೇಳಿಕೊಟ್ಟಿದ್ದೆ. ನನ್ನ ಬ್ಲಾಗಿನಲ್ಲಿ ಕೋಷ್ಟಕ ಮಾಡಿ, ಅಡಿಟಿಪ್ಪಣಿ ಹಾಕಿ ಏರಿಸಿದ್ದೆ. ಮರುದಿನ ಪ್ರಶ್ನೆ ಕೇಳಿದರೆ ಒಬ್ಬಳ ಬಾಯಿಂದಲೂ ಒಂದಕ್ಷರ ಉದುರಿರಲಿಲ್ಲ. ಈಗ ಅದೇ ಹುಡುಗಿಯರು ಕೈಯಲ್ಲಿ ಕುಡುಗೋಲು ಹಿಡಿದು ನಗುತ್ತಾ ಕೇಳುತ್ತಿದ್ದರು, ಅಜ್ಜಿಯ ಜೊತೆ ತಾವೂ ಹೂಂಗುಟ್ಟುತ್ತಿದ್ದರು. ಹೊಟ್ಟೆ ಉರಿಯಿತು. ಇದನ್ನು ಸುತ್ತಿ ಬಳಸಿ ಹೇಳುವಂಥದ್ದೇನೂ ಇಲ್ಲ. ಕಣ್ಣಲ್ಲಿ ನೀರು ಬಂದದ್ದಕ್ಕೆ ಮಾತ್ರ ಈರುಳ್ಳಿಯ ನೆಪ ಸಿಕ್ಕಿತು.

ಒಬ್ಬಳು ತಲೆಯೆತ್ತಿ, ಇದು ಪಂಚನಹಳ್ಳಿ ಮೇಡಂ ಅವರ ಪಾಡ್‌ಕಾಸ್ಟು ಮಿಸ್, ನೀವು ಕೇಳಿದೀರಾ ಎಂದಳು. ಆ ದನಿಯನ್ನು ಈ ಹುಡುಗಿಯರು ಹುಟ್ಟುವುದಕ್ಕೆ ಮುಂಚಿನಿಂದ ನಾನು ಕೇಳಿದ್ದೇನೆ. ಗೊತ್ತಿಲ್ಲ ಎಂದು ಹೇಳಿ ಒಳಗೆ ಬಂದೆ.

ಆ ದನಿಯವಳೂ ನಾನೂ ಕಡೂರಿನಲ್ಲಿ ಬಿ.ಎಡ್. ಮಾಡುವಾಗ ಒಂದೇ ಕೋಣೆಯಲ್ಲಿದ್ದವರು. ಒಂದು ಸೀಮೆಎಣ್ಣೆ ಸ್ಟೌವು, ಒಂದು ಚಾಪೆ, ಎರಡು ಟ್ರಂಕು. ನಾನು ಓದುವವಳು, ಅವಳು ಮಾತಾಡುವವಳು. ಪಾಠಯೋಜನೆ ಬರೆಯುವುದೆಂದರೆ ಅವಳಿಗೆ ಜ್ವರ ಬರುತ್ತಿತ್ತು. ನನ್ನದನ್ನು ನೋಡಿ ಬರೆದುಕೊಳ್ಳುತ್ತಿದ್ದಳು, ಅದರಲ್ಲೂ ಎರಡು ಸಾಲು ಬಿಡುತ್ತಿದ್ದಳು. ಆದರೆ ಪರೀಕ್ಷೆ ಬಂತೆಂದರೆ ನಾನು ಮುದ್ದೆ ತೊಳಸುವಾಗ ಎದುರಿಗೆ ಕೂತು ಇಡೀ ಪಾಠವನ್ನು ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಳು. ನಾನು ಸುಮ್ಮನಿದ್ದರೆ ನಿಲ್ಲಿಸಿಬಿಡುತ್ತಿದ್ದಳು.

“ಹೂಂ ಅನ್ನೇ. ನೀನ್ ಹೂಂ ಅನ್ನದಿದ್ರೆ ನಂಗೆ ಮುಂದಕ್ಕೆ ಹೋಗಕ್ಕಾಗಲ್ಲ.”

ನಾನು ಹೂಂ ಅನ್ನುತ್ತಿದ್ದೆ. ಹಿಟ್ಟಿನ ಕೋಲು ತಿರುಗಿಸುತ್ತಾ, ಬೆವರು ಒರೆಸಿಕೊಳ್ಳುತ್ತಾ ಹೂಂ, ಹೂಂ. ಅವಳು ಪಾಸಾದಳು. ನನಗಿಂತ ಕಡಿಮೆ ಅಂಕವೇ ಬಂತು ಅನ್ನುವುದನ್ನು ಇಲ್ಲಿ ಹೇಳದೆ ಇರಲಾರೆ.

ಕೊರೋನಾದಲ್ಲಿ ಶಾಲೆ ಮುಚ್ಚಿದಾಗ ನಾನು ಬ್ಲಾಗು ಶುರುಮಾಡಿದೆ. ತಾಲ್ಲೂಕಿನಲ್ಲಿ ಆಗ ಬ್ಲಾಗು ಬಲ್ಲ ಮೇಷ್ಟರು ಬೆರಳೆಣಿಕೆ. ಕಡೂರಿನಲ್ಲಿ ನಡೆದ ತರಬೇತಿಗೆ ನನ್ನನ್ನೇ ಸಂಪನ್ಮೂಲ ವ್ಯಕ್ತಿ ಎಂದು ಕರೆದರು. ಅವಳು ಕೊನೆಯ ಸಾಲಿನಲ್ಲಿ ಕೂತಿದ್ದಳು. ಪಾಸ್‌ವರ್ಡು ಹಾಕುವುದು, ಮರೆಯುವುದು, ಮತ್ತೆ ಹಾಕುವುದು. ಕೊನೆಗೆ ನಾನೇ ಅವಳ ಪಕ್ಕ ಕೂತು ಅವಳಿಗೊಂದು ಬ್ಲಾಗು ಮಾಡಿಕೊಟ್ಟೆ. ಅದು ಇವತ್ತಿಗೂ ಇದೆ. ಅದರಲ್ಲಿ ಒಂದೇ ಬರಹ, ‘ಎಲ್ಲರಿಗೂ ನಮಸ್ಕಾರ’ ಎಂದು. ಅದನ್ನು ಬರೆದವಳೂ ನಾನೇ.

ಪಂಚನಹಳ್ಳಿಯ ಶಾಲೆಯಲ್ಲಿ ಅವಳ ಮಕ್ಕಳು ತೆಂಗಿನ ತೋಟಕ್ಕೆ, ಕುರಿ ಹಿಂದೆ, ಬೋರ್‌ವೆಲ್ಲಿನ ಮೋಟಾರು ಹಾಕಲು ಓಡುವವರು. ಫೋನು ಅಪ್ಪನ ಜೇಬಿನಲ್ಲಿರುತ್ತದೆ. ಅವಳು ಪಾಠವನ್ನು ಮಾತಾಡಿ ವಾಟ್ಸ್ಆಪ್ ಗುಂಪಿಗೆ ಕಳಿಸತೊಡಗಿದಳು. ಓದೋಕೆ ಕೈ ಬಿಡುವಾಗಬೇಕು ಕಣೇ, ಕೇಳೋಕೆ ಕೆಲಸ ಬಿಡಬೇಕಾಗಿಲ್ಲ ಎಂದು ಒಮ್ಮೆ ನನಗೆ ಫೋನಿನಲ್ಲಿ ಹೇಳಿದ್ದಳು. ಕೇಳಿದ್ದು ಗಾಳಿಗೆ ಹೋಗುತ್ತೆ, ಬರೆದದ್ದು ಉಳಿಯುತ್ತೆ ಎಂದು ನಾನು ಬುದ್ಧಿ ಹೇಳಿದ್ದೆ. ಆಮೇಲೆ ಯಾರೋ ಅವಳ ಶಾಲೆಯ ಹಳೆ ವಿದ್ಯಾರ್ಥಿ ಅದನ್ನೆಲ್ಲ ಪಾಡ್‌ಕಾಸ್ಟು ಮಾಡಿ ಎಲ್ಲರಿಗೂ ಸಿಗುವ ಹಾಗೆ ಹಾಕಿಕೊಟ್ಟ. ಗಾಳಿಗೆ ಹೋದದ್ದು ನಿಜ. ಕಡೂರು, ತರೀಕೆರೆ ದಾಟಿ ನನ್ನ ಹಿತ್ತಲಿಗೇ ಬಂತು.

ಅವಳ ಗುಟ್ಟೇನೆಂದು ಕಂಡುಹಿಡಿಯಲು ಕದ್ದು ಕೇಳಿದೆ. ಕದ್ದು ಯಾಕೆ ಅಂದರೆ, ಮನೆಯಲ್ಲಿ ಗಂಡ ಕೇಳಿದರೆ ನಗುತ್ತಾರೆ. ಗುಟ್ಟು ಎಂಥದ್ದೂ ಇರಲಿಲ್ಲ. ಅವಳು ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುತ್ತಾಳೆ, ಅತ್ತೆ ಹೂಂ ಅನ್ನುತ್ತಾರೆ. ಕಥೆ ಹೇಳುವವರ ಮುಂದೆ ಯಾರಾದರೂ ಹೂಂಗುಟ್ಟಬೇಕು ಅನ್ನುವುದು ನಮ್ಮ ಕಡೆ ಎಲ್ಲ ಮನೆಗಳ ಪದ್ಧತಿ. ಆದರೆ ಆ ಅಜ್ಜಿಯ ಹೂಂ ಒಂದೊಂದು ಸಲ ಒಂದೊಂದು ಥರ. ನಂಬದ ಹೂಂ, ಅಯ್ಯೋ ಪಾಪದ ಹೂಂ, ಹಂಗಾದ್ರೆ ಮುಂದೇನು ಅನ್ನುವ ಹೂಂ. ತೀರಾ ಕುತೂಹಲವಾದರೆ “ಆಮೇಲೆ?” ಎಂದೂ ಕೇಳುತ್ತಿದ್ದರು. ಮಕ್ಕಳು ಅದಕ್ಕಾಗಿಯೇ ಕೇಳುತ್ತಿದ್ದರು. ನನಗೆ ಅವಳ ಮೇಲೆ ಎಷ್ಟು ಹೊಟ್ಟೆಕಿಚ್ಚಾಯಿತೋ ಆ ಮುದುಕಿಯ ಮೇಲೂ ಅಷ್ಟೇ ಆಯಿತು. ಅದು ನನ್ನ ಜಾಗ. ಮುದ್ದೆ ತೊಳಸುತ್ತಾ ನಾನು ಸಂಪಾದಿಸಿದ ಜಾಗ.

ತಪ್ಪು ಹುಡುಕಲು ಒಂದೊಂದು ಕಂತನ್ನೂ ಕೇಳಿದೆ. ಒಂದು ಕಡೆ ಜಮೀನ್ದಾರಿ ತಂದವರನ್ನೂ ರೈತವಾರಿ ತಂದವರನ್ನೂ ಅದಲು ಬದಲು ಮಾಡಿದ್ದಳು. ಹಬ್ಬವಾಯಿತು ನನಗೆ. ಪುಟ ಸಂಖ್ಯೆ ಸಮೇತ ಬರೆದು ಕಳಿಸಿದೆ. ಮುಂದಿನ ಕಂತು ಶುರುವಾದದ್ದೇ ಅದರಿಂದ. ಹೋದ ಸಲ ನಾನು ಎಡವಟ್ಟು ಮಾಡಿದ್ದೆ ಕಣ್ರೋ, ಅಜ್ಜಂಪುರದ ನನ್ನ ಗೆಳತಿ ತಿದ್ದಿದಳು, ಅವಳು ನನ್ನ ಗುರು ಎಂದು ಮೊದಲು ಹೇಳಿ, ಆಮೇಲೆ ಪಾಠಕ್ಕೆ ಇಳಿದಳು. ಅಜ್ಜಿ ಮೆಚ್ಚುಗೆಯ ಹೂಂ ಅಂದರು. ಬೈದಿದ್ದರೆ ಸುಖವಾಗಿ ಜಗಳವಾಡುತ್ತಿದ್ದೆ.

ಕೊನೆಗೆ ನಾನೂ ಪಾಡ್‌ಕಾಸ್ಟು ಮಾಡಿದೆ. ನವಿಲು ನೋಡಿ ಕೆಂಬೂತ ಪುಕ್ಕ ತರಿದುಕೊಂಡ ಹಾಗೆ ಅನ್ನುತ್ತಾರಲ್ಲ, ಹಾಗೆ. ಬ್ಲಾಗಿನ ಬರಹವನ್ನೇ ಮುಂದಿಟ್ಟುಕೊಂಡು, ಕಿಟಕಿ ಮುಚ್ಚಿ, ಕುಕ್ಕರು ಇಳಿಸಿ ಓದಿದೆ. ಬೀರೂರು ಕಡೆಯ ರೈಲು ಕೂಗಿದಾಗಲೆಲ್ಲ ಮೊದಲಿಂದ ಓದಿದೆ. ಹೂಂ ಅನ್ನಲು ಗಂಡನನ್ನು ಕೂರಿಸಿದೆ. ಪೇಪರು ಓದುತ್ತಾ ಹೆಂಡತಿಗೆ ಹೂಂ ಅಂದು ಅಭ್ಯಾಸವಾದ ಗಂಡಸಿನ ಹೂಂ ಹೇಗಿರುತ್ತದೆ ಎಂದು ಮದುವೆಯಾದವರಿಗೆ ಗೊತ್ತು. ಲಕ್ಷಾಂತರ ಜನ ಬರಗಾಲದಲ್ಲಿ ಸತ್ತರು ಎಂದರೂ ಹೂಂ, ಪರೀಕ್ಷೆಯಲ್ಲಿ ಇದಕ್ಕೆ ನಾಲ್ಕು ಅಂಕ ಎಂದರೂ ಅದೇ ಹೂಂ. ಅದನ್ನೆಲ್ಲ ಕತ್ತರಿಸಿ ಹಾಕಿ, ಬರೀ ನನ್ನ ದನಿ ಉಳಿಸಿ ತರಗತಿಯ ಗುಂಪಿಗೆ ಕಳಿಸಿದೆ. ಹೇಗಿದೆ ಎಂದು ಕೇಳಿದಾಗ ಎಲ್ಲರೂ ಚೆನ್ನಾಗಿದೆ ಎಂದರು. ಈರುಳ್ಳಿ ಕೊಯ್ಯುತ್ತಿದ್ದ ಹುಡುಗಿಯೊಬ್ಬಳು ಮಾತ್ರ, “ವಾರ್ತೆ ಕೇಳ್ದಂಗೈತೆ ಮಿಸ್,” ಅಂದಳು. ಅವಳು ಹೊಗಳಿದ್ದೇ ಎಂದು ತಿಳಿದಿದ್ದಳು ಪಾಪ.

ಚಳಿಗಾಲದಲ್ಲಿ ತರೀಕೆರೆಯಲ್ಲಿ ಇನ್ನೊಂದು ತರಬೇತಿ. ಆನ್‌ಲೈನ್ ಕಲಿಕೆಯ ಬಗ್ಗೆ. ಈ ಸಲ ವೇದಿಕೆಯ ಮೇಲೆ ಅವಳು, ಕೆಳಗೆ ನಾನು. ಗುರುವಿಗೇ ತಿರುಮಂತ್ರ. ಅಮೃತಾಪುರದಿಂದ ಬಂದಿದ್ದ ಮೇಷ್ಟರೊಬ್ಬರು ನನ್ನ ಪಕ್ಕ ಕೂತು, ಈಯಮ್ಮ ಮಾತಾಡಿದರೆ ನಮ್ಮ ಮನೇಲಿ ಟೀವಿ ಆರಿಸುತ್ತಾರೆ ಎಂದರು. ನಾನು ಬ್ಲಾಗು ಬರೆಯುತ್ತೇನೆ ಎಂದೆ. ಓ, ಒಳ್ಳೇದು ಎಂದರು. ವೇದಿಕೆಯ ಮೇಲಿಂದ ಅವಳು ಮೈಕಿನಲ್ಲಿ, ನನಗೆ ಕಂಪ್ಯೂಟರ್ ಮುಟ್ಟೋದು ಕಲಿಸಿದವಳು ಅಗೋ ಅಲ್ಲಿ ಕೂತಿದ್ದಾಳೆ ಎಂದು ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈ ಮುಗಿದೆ. ಮಧ್ಯಾಹ್ನ ಎಲ್ಲರೂ ಅವಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಅವಳು ಅವರನ್ನೆಲ್ಲ ಬಿಟ್ಟು ಚಿತ್ರಾನ್ನದ ತಟ್ಟೆ ಹಿಡಿದು ನನ್ನ ಹತ್ತಿರವೇ ಬಂದು ಕೂತಳು. ತನ್ನ ತಟ್ಟೆಯ ಕಡಲೆಬೀಜ ಆರಿಸಿ ನನ್ನ ತಟ್ಟೆಗೆ ಹಾಕಿದಳು. ನನಗೆ ಕಡಲೆಬೀಜ ಇಷ್ಟ ಎಂದು ಅವಳಿಗೆ ನೆನಪಿತ್ತು. ತಿನ್ನಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಅವಳ ಗಂಟಲು ಕಟ್ಟಿತು. ನೆಗಡಿಯ ಗಂಟಲಲ್ಲ. ತರಗತಿಯಲ್ಲೂ ಕೂಗಿ, ಮನೆಯಲ್ಲೂ ಕೂಗಿ ದನಿಯೇ ಹೋಗಿತ್ತು. ಪಿಸುಮಾತೂ ಬೇಡ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ ಎಂದು ವಾಟ್ಸ್ಆಪಿನಲ್ಲಿ ಬರೆದಳು. ನಾನು ಆಗ ಕಾಫಿ ಕುಡಿಯುತ್ತಿದ್ದೆ. ಆ ಕಾಫಿಗೆ ಯಾರೋ ಇನ್ನೊಂದು ಚಮಚ ಸಕ್ಕರೆ ಹಾಕಿದ ಹಾಗಾಯಿತು. ಛೇ ಅನ್ನಿಸಿದ್ದು ಆಮೇಲೆ, ಲೋಟ ತೊಳೆಯುವಾಗ.

ಅಷ್ಟರಲ್ಲಿ ಇನ್ನೊಂದು ಸಂದೇಶ ಬಂತು. ಕೊನೆಯ ಪಾಠಗಳು ಬಾಕಿ ಇವೆ, ಮಕ್ಕಳು ಕಾಯುತ್ತಿದ್ದಾರೆ, ನನ್ನ ಜಾಗದಲ್ಲಿ ನೀನು ಹೇಳಿಕೊಡುತ್ತೀಯಾ, ನಿನ್ನ ಬಿಟ್ಟರೆ ನನಗೆ ಯಾರಿದ್ದಾರೆ ಎಂದು.

ಬತ್ತೀನಿ ಎಂದು ತಕ್ಷಣ ಬರೆದೆ. ಗೆಳೆತನಕ್ಕೆ ಹೋದೆ ಎಂದರೆ ಸುಳ್ಳಾಗುತ್ತದೆ. ಅಷ್ಟು ಕಿವಿಗಳು ಒಂದು ಸಲ ನನ್ನ ಕಡೆ ತಿರುಗಲಿ ಎಂದು ಹೋದೆ. ಅದಕ್ಕಿಂತ ಹೆಚ್ಚಾಗಿ, ಆ ಮುದುಕಿ ನನಗೆ ಒಂದು ಹೂಂ ಅನ್ನಬೇಕಿತ್ತು. ಒಂದೇ ಒಂದು ಹೂಂ ಬಂದರೆ, ಅವಳಲ್ಲಿರುವುದು ನನ್ನಲ್ಲೂ ಇದೆ ಎಂದು ನನಗೆ ಖಾತ್ರಿಯಾಗುತ್ತಿತ್ತು.

ಶನಿವಾರ ಬೆಳಗಿನ ಬಸ್ಸು ಹಿಡಿದು ಬೀರೂರು, ಕಡೂರಿನ ಮೇಲೆ ಪಂಚನಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಗ್ರಾಹಕ ರಕ್ಷಣೆಯ ಪಾಠವನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಅವಳು ಬಾಗಿಲಲ್ಲೇ ನಿಂತಿದ್ದಳು. ಕತ್ತಿಗೆ ಮಫ್ಲರು. ನನ್ನನ್ನು ಕಂಡು ಬಾಯಿ ತೆಗೆದವಳು ನೆನಪಾಗಿ ಮುಚ್ಚಿದಳು, ತಬ್ಬಿಕೊಂಡಳು. ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಅವಳ ರೆಕಾರ್ಡಿಂಗು. ಮೇಲೆ ಒಣಗುವ ಕಾಯಿ, ಸುತ್ತ ಗೋಣಿಚೀಲ, ಮೂಲೆಯಲ್ಲಿ ಮಡಿಸಿಟ್ಟ ಹಾಸಿಗೆ. ಮಾತು ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಅಲ್ಲೇ ನೆಲದ ಮೇಲೆ ಅಜ್ಜಿ ಕೂತು ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದರು.

“ಯಾರ್ ಕಣ್ಣು ಬಿತ್ತೋ ಕಣವ್ವ ನನ್ ಸೊಸೆ ಮೇಲೆ,” ಅಂದರು. “ಊರೂರಲ್ಲೂ ಕೇಳ್ತಾರಂತೆ. ಕಲ್ಲೇಟಿಗಿಂತ ಕಣ್ಣೇಟು ಕೆಟ್ಟದ್ದು.”

ನಾನು ತಂದಿದ್ದ ಹಣ್ಣಿನ ಚೀಲವನ್ನು ಎಲ್ಲಿಡಲಿ ಎಂದು ಕೇಳಿದೆ.

ಫೋನಿನ ಗುಂಡಿ ಒತ್ತಿ ಅವಳು ನನ್ನ ಎದುರಿಗೆ ಕೂತಳು. ನಾನು ಶುರುಮಾಡಿದೆ. ಈ ಸಲ ವಾರ್ತೆಯಾಗಬಾರದೆಂದು ಅವಳ ಹಾಗೆಯೇ ಹೇಳಿದೆ. ಅಂಗಡಿಯೋನು ತೂಕದಲ್ಲಿ ಮೋಸ ಮಾಡುದ್ರೆ ಏನ್ ಮಾಡ್ತೀಯ ಕಣೋ, ರಸೀದಿ ಇಸ್ಕೊಂಡ್ಯಾ, ತಾರೀಕು ನೋಡ್ದ್ಯಾ. ಮಾತು ಚೆನ್ನಾಗಿಯೇ ಹರಿಯಿತು. ಪ್ರತಿ ವಾಕ್ಯದ ಕೊನೆಗೂ ಒಂದು ಗಳಿಗೆ ನಿಲ್ಲಿಸಿ ಅಜ್ಜಿಯ ಕಡೆ ನೋಡಿದೆ. ಅಜ್ಜಿ ಹುಣಸೆಬೀಜವನ್ನು ಒಂದು ಕಡೆಗೆ, ನಾರನ್ನು ಒಂದು ಕಡೆಗೆ ಹಾಕುತ್ತಿದ್ದರು. ಗೆಳತಿ ಅವರ ಮೊಣಕಾಲು ತಟ್ಟಿ ಹೂಂ ಅನ್ನುವಂತೆ ಸನ್ನೆ ಮಾಡಿದಳು. ಅಜ್ಜಿ ನನ್ನ ಮುಖವನ್ನು ಒಮ್ಮೆ ನೋಡಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ಪಾಠ ಮುಗಿಯಿತು. ಹೂಂ ಬರಲಿಲ್ಲ.

ತಡೆಯಲಾಗದೆ ಕೇಳಿಯೇಬಿಟ್ಟೆ, ಯಾಕಜ್ಜಿ ನನಗೆ ಹೂಂ ಅನ್ನಲಿಲ್ಲ ಎಂದು.

“ಅಯ್ಯೋ, ಮುಗೀತಾ?” ಅಂದರು ಅಜ್ಜಿ. “ನೀನ್ ಯಾವಾಗ್ ಶುರು ಮಾಡ್ತೀಯೋ ಅಂತ ಕಾಯ್ತಾ ಕೂತಿದ್ದೆ ಕಣವ್ವ.”

ಗೆಳತಿ ಬಾಯಿಗೆ ಸೆರಗು ಇಟ್ಟುಕೊಂಡಳು. ನಗುವಿಗೋ ಸಂಕೋಚಕ್ಕೋ ಗೊತ್ತಾಗಲಿಲ್ಲ. ರೆಕಾರ್ಡಾಗಿದ್ದ ಪಾಠವನ್ನು ಹಾಗೆಯೇ ಮಕ್ಕಳ ಗುಂಪಿಗೆ ಕಳಿಸಿದಳು. ಊಟ ಮುಗಿಯುವಷ್ಟರಲ್ಲಿ ಮಕ್ಕಳ ಉತ್ತರಗಳು ಬರತೊಡಗಿದವು, ಅವಳು ಫೋನನ್ನು ನನ್ನ ಕೈಗೇ ಕೊಟ್ಟಳು. ಮೇಡಂ, ನಿಮ್ಮ ಗಂಟಲು ಹೇಗಿದೆ. ಮೇಡಂ, ಬಿಸಿನೀರು ಕುಡೀರಿ. ಮೇಡಂ, ಅಜ್ಜಿಗೂ ಹುಷಾರಿಲ್ವಾ, ಹೂಂ ಅನ್ನಲೇ ಇಲ್ಲ. ನಾನು ಕೆಳಗಿನವರೆಗೂ ಸರಿಸಿ ನೋಡಿದೆ. ಪಾಠ ಹೇಳಿದವರು ಯಾರು ಎಂದು ಒಬ್ಬರೂ ಕೇಳಿರಲಿಲ್ಲ.

ಸಂಜೆಯ ಬಸ್ಸಿಗೆ ಹೊರಟವಳನ್ನು ಅಜ್ಜಿ ತಡೆದರು. ಮುಸ್ಸಂಜೆ ಹೊತ್ತಿಗೆ ಸೊಸೆಗೆ ದೃಷ್ಟಿ ತೆಗೆಯಬೇಕು, ತಮ್ಮ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ, ಓದಿದೋಳು ಅಂತ ಮೂಗು ಮುರೀಬೇಡ, ನೀನೇ ತೆಗೆದು ಹೋಗು ಎಂದರು. ಗೆಳತಿ ಆಗಲೇ ಹಿತ್ತಲ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತಾಗಿತ್ತು. ಸಮಾಜ ವಿಜ್ಞಾನದ ಮೇಡಂ, ತರಗತಿಯಲ್ಲಿ ಮೂಢನಂಬಿಕೆಯ ಪಾಠ ಮಾಡುವವಳು, ಚಿಕ್ಕ ಹುಡುಗಿಯ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು.

ಅಜ್ಜಿ ನನ್ನ ಮುಷ್ಟಿಗೆ ಕಲ್ಲುಪ್ಪು, ಒಣಮೆಣಸಿನಕಾಯಿ ತುಂಬಿದರು. ಅವಳ ತಲೆಯಿಂದ ಕಾಲಿನವರೆಗೆ ನೀವಾಳಿಸುತ್ತಾ ಅಜ್ಜಿ ಹೇಳಿಕೊಟ್ಟಂತೆ ಹೇಳಿದೆ. ನಾಯಿ ಕಣ್ಣು, ನರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು, ನೆರೆಯೋರ ಕಣ್ಣು. ಅಲ್ಲಿಗೆ ಸಾಕು ಅಂದುಕೊಂಡಿದ್ದೆ. ಅಜ್ಜಿ ಬಿಡಲಿಲ್ಲ.

“ಜೊತೆಗಾರ್ತೀರ ಕಣ್ಣು, ಅನ್ನು.”

ಅಂದೆ. ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ನನ್ನ ಪಾಠಯೋಜನೆ ನೋಡಿ ಬರೆಯುವಾಗ ನಾನು ರೇಗಿದರೆ ಹೇಗೆ ನೋಡುತ್ತಿದ್ದಳೋ ಹಾಗೆ ನೋಡಿದಳು. ಗೊತ್ತು ಬಿಡೇ ಅನ್ನುವ ನೋಟ.

ಮುಷ್ಟಿಯಲ್ಲಿದ್ದದ್ದನ್ನು ನೀರೊಲೆಯ ಕೆಂಡಕ್ಕೆ ಸುರಿದೆ. ಉಪ್ಪು ಚಟಚಟ ಸಿಡಿಯಿತು. ಮೆಣಸಿನಕಾಯಿ ಕಪ್ಪಗಾಯಿತು. ಘಾಟು ಬರಲಿಲ್ಲ. ಮೂವರೂ ಮೂಗೆಳೆದು ನೋಡಿದೆವು, ಒಂದು ಸೀನೂ ಇಲ್ಲ. ಘಾಟು ಬಾರದಿದ್ದರೆ ದೃಷ್ಟಿ ಬಿದ್ದಿತ್ತು ಎಂದು ನಮ್ಮ ಕಡೆಯ ಲೆಕ್ಕ.

“ನೋಡ್ದಾ, ಎಂಥಾ ಕಣ್ಣು ಬಿದ್ದಿತ್ತು,” ಅಂದರು ಅಜ್ಜಿ.

ಮೆಣಸಿನಕಾಯಿ ತೇವವಾಗಿತ್ತು, ಬೂದಿಯೊಳಗೆ ಬಿತ್ತು, ಹೊಗೆ ಹೊರಗೆ ಹೋಯಿತು ಎಂದು ನೂರು ಕಾರಣ ನನ್ನ ತಲೆಗೆ ಬಂದವು. ಅಷ್ಟರಲ್ಲಿ ಗೆಳತಿ ಎದ್ದು ನನ್ನ ಭುಜ ಒತ್ತಿ ಅದೇ ಮಣೆಯ ಮೇಲೆ ಕೂರಿಸಿದಳು. ಡಬ್ಬದಿಂದ ಇನ್ನೊಂದು ಹಿಡಿ ಮೆಣಸಿನಕಾಯಿ ತೆಗೆದುಕೊಂಡು ನನಗೂ ನೀವಾಳಿಸಿದಳು. ಮಾತಿಲ್ಲ, ಬರೀ ತುಟಿ ಆಡುತ್ತಿತ್ತು. ನನ್ನ ಮೇಲೂ ಯಾರದಾದರೂ ಕಣ್ಣು ಬಿದ್ದಿರಬಹುದು, ನನ್ನಲ್ಲೂ ಕಣ್ಣು ಬೀಳುವಂಥದ್ದಿದೆ ಎಂದು ತೋರಿಸುವ ಆಸೆ ಅವಳಿಗೆ. ನನಗೂ ಆ ಆಸೆ ಹುಟ್ಟಿತು. ಘಾಟು ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಕೆಂಡಕ್ಕೆ ಬಿದ್ದದ್ದೇ ತಡ, ಘಾಟು ಎದ್ದಿತು ನೋಡಿ. ಹಿತ್ತಲು, ಅಡುಗೆಮನೆ, ಕೊಬ್ಬರಿ ಅಟ್ಟ ಎಲ್ಲ ತುಂಬಿತು. ಗೆಳತಿ ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಬೀದಿಗೆ ಓಡಿದಳು. ನಾನೂ ಅಜ್ಜಿಯೂ ಕೆಮ್ಮಿ ಕೆಮ್ಮಿ ಕಣ್ಣು ಮೂಗಲ್ಲಿ ನೀರು ಸುರಿಸುತ್ತಾ ಜಗಲಿಗೆ ಬಂದು ಬಿದ್ದೆವು.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಸಮಾಧಾನ ಹೇಳುವ ಹಾಗೆ ನನ್ನ ಬೆನ್ನು ಸವರಿದರು. “ನಿನ್ ಮೇಲೆ ಯಾರ್ ಕಣ್ಣೂ ಬಿದ್ದಿಲ್ಲ ಕಣವ್ವ. ಒಂದು ಚೂರೂ ಇಲ್ಲ.”

ಘಾಟೇ ಬಾರದ ಅವಳ ಮೆಣಸಿನಕಾಯಿಯ ಮೇಲೂ ಹೊಟ್ಟೆಕಿಚ್ಚಾಯಿತು ನನಗೆ. ಗಂಟಲಲ್ಲಿ ಖಾರ, ಕಣ್ಣಲ್ಲಿ ಖಾರ, ಬೆಳಗಿನಿಂದ ತಡೆದಿಟ್ಟದ್ದೆಲ್ಲ ಒಟ್ಟಿಗೇ ಬಂತು. ಪಾಠದ ದನಿಯಲ್ಲ, ಪಾಡ್‌ಕಾಸ್ಟಿನ ದನಿಯೂ ಅಲ್ಲ.

“ನನ್ ಮೇಲೆ ಯಾರ್ ಕಣ್ಣಜ್ಜಿ ಬೀಳುತ್ತೆ? ಬಿದ್ದಿದ್ದೆಲ್ಲ ನಂದೇ, ಅವಳ ಮೇಲೆ. ಕಡೂರಲ್ಲಿ ಅವಳಿಗೆ ಹೂಂ ಅಂತಿದ್ದೋಳು ನಾನು.”

ಅಜ್ಜಿ ಸೆರಗು ಕೆಳಗಿಟ್ಟು, ಕಾಲು ಮಡಚಿಕೊಂಡು, ನನ್ನ ಕಡೆ ತಿರುಗಿ ಕೂತರು.

“ಹೂಂ,” ಅಂದರು. “ಆಮೇಲೆ?”